ಇಪ್ಪತ್ತೇಳು ಡಾಲರ್ ಯಾಕೆ ಕೊಟ್ಟರು? ಬರ್ನಿ ಸ್ಯಾಂಡರ್ಸ್ ಪ್ರಚಾರದ ಪ್ರಕರಣ ಅಧ್ಯಯನ

ಚುನಾವಣೆಗೆ ದುಡ್ಡು ಯಾರು ಕೊಡುತ್ತಾರೆ ಅಂತ ನಮ್ಮಲ್ಲಿ ಯಾರನ್ನೇ ಕೇಳಿ, ಉತ್ತರ ತಡವಾಗುವುದಿಲ್ಲ. ಗುತ್ತಿಗೆದಾರರು, ಗಣಿ ಮಾಲೀಕರು, ರಿಯಲ್ ಎಸ್ಟೇಟಿನವರು, ದೊಡ್ಡ ಕಂಪನಿಗಳು. ಯಾಕೆ ಕೊಡುತ್ತಾರೆ ಅನ್ನುವುದೂ ಎಲ್ಲರಿಗೂ ಗೊತ್ತು. ಇವತ್ತು ಹಾಕಿದ್ದನ್ನು ನಾಳೆ ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳುತ್ತಾರೆ. ಅದರಲ್ಲಿ ಬಿಡಿಸಬೇಕಾದ ಒಗಟೇನೂ ಇಲ್ಲ.

ಒಗಟು ಇರುವುದು ಬೇರೆ ಕಡೆ. ಒಬ್ಬ ಶಾಲೆ ಟೀಚರ್, ಒಬ್ಬ ನರ್ಸ್, ಪಿಂಚಣಿಯಲ್ಲಿ ಬದುಕುವ ಒಬ್ಬ ಅಜ್ಜಿ ಯಾಕೆ ಕೊಡುತ್ತಾರೆ? ಅವರಿಗೆ ಟೆಂಡರ್ ಬೇಕಿಲ್ಲ. ಲೈಸೆನ್ಸ್ ಬೇಕಿಲ್ಲ. ಗೆದ್ದವನು ಅವರ ಹೆಸರನ್ನೂ ಕೇಳಿರುವುದಿಲ್ಲ. ಅವರು ಕೊಟ್ಟ ಚೂರು ದುಡ್ಡಿನಿಂದ ಫಲಿತಾಂಶ ಬದಲಾಗುವುದೂ ಇಲ್ಲ. ಆದರೂ ಕೊಡುತ್ತಾರೆ. ಒಮ್ಮೆ ಕೊಟ್ಟು ಸುಮ್ನಾಗುವುದಿಲ್ಲ, ಮತ್ತೆ ಕೊಡುತ್ತಾರೆ.

ಇದನ್ನು ಹತ್ತಿರದಿಂದ ನೋಡಲು ನಾನು ಆರಿಸಿಕೊಂಡಿರುವುದು 2015-16ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಬರ್ನಿ ಸ್ಯಾಂಡರ್ಸ್ ನಡೆಸಿದ ಪ್ರಚಾರ. ಅವರು ಡೆಮಾಕ್ರಟಿಕ್ ಪಕ್ಷದ ಒಳಗಿನ ಸ್ಪರ್ಧೆಯಲ್ಲೇ ಸೋತರು. ಆದರೆ ಸೋಲುವ ಮೊದಲು ಸುಮಾರು 23 ಕೋಟಿ ಡಾಲರ್ ಸಂಗ್ರಹಿಸಿದ್ದರು. 25 ಲಕ್ಷ ಜನ, 80 ಲಕ್ಷ ಸಲ ಕೊಟ್ಟ ದುಡ್ಡು ಅದು. ಒಂದು ಸಲಕ್ಕೆ ಸರಾಸರಿ 27 ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ 1,800 ರೂಪಾಯಿ. ಅಲ್ಲಿನ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅಂದರೆ ಕನಿಷ್ಠ ಕೂಲಿಯವನಿಗೆ 27 ಡಾಲರ್ ಹತ್ತಿರ ಹತ್ತಿರ ನಾಲ್ಕು ಗಂಟೆಯ ದುಡಿಮೆ.

ಹಿನ್ನೆಲೆ

2010ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಸಿಟಿಜನ್ಸ್ ಯುನೈಟೆಡ್' ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಭ್ಯರ್ಥಿಯ ಜೊತೆ ಸೇರಿ ಕೆಲಸ ಮಾಡದೆ ಹೊರಗಿನಿಂದ ಸ್ವತಂತ್ರವಾಗಿ ಖರ್ಚು ಮಾಡುವ ಕಂಪನಿಗಳಿಗೆ, ಸಂಘಗಳಿಗೆ ಮಿತಿ ಹಾಕುವಂತಿಲ್ಲ ಅಂತ. ಅದರ ಬೆನ್ನಿಗೇ ಸೂಪರ್ ಪ್ಯಾಕ್‌ಗಳು ಬಂದವು, ಅಂದರೆ ಹೀಗೆ ಹೊರಗಿನಿಂದ ಖರ್ಚು ಮಾಡಲೆಂದೇ ಹಣ ಎತ್ತುವ ಸಮಿತಿಗಳು. ಅಭ್ಯರ್ಥಿಯ ಖಾತೆಗೆ ನೇರವಾಗಿ ಕೊಡಲು ಮಾತ್ರ ಮಿತಿ ಉಳಿಯಿತು. 2016ರ ಸುತ್ತಿನಲ್ಲಿ ಅದು ಒಬ್ಬರಿಗೆ 2,700 ಡಾಲರ್. ಸೂಪರ್ ಪ್ಯಾಕ್‌ಗೆ ಎಷ್ಟು ಬೇಕಾದರೂ ಕೊಡಬಹುದು. ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆ ಬಯಸಿದ್ದ ಜೆಬ್ ಬುಷ್ ಪರವಾಗಿದ್ದ ಸೂಪರ್ ಪ್ಯಾಕ್ 2015ರ ಮೊದಲ ಆರು ತಿಂಗಳಲ್ಲೇ ಸುಮಾರು 10.3 ಕೋಟಿ ಡಾಲರ್ ಎತ್ತಿತ್ತು. ಸಾಮಾನ್ಯ ಮತದಾರನಿಗೆ ಇದರಿಂದ ಸಿಕ್ಕ ಸಂದೇಶ ಒಂದೇ: ನೀನು ವೋಟು ಹಾಕು ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಸ್ಯಾಂಡರ್ಸ್ ಆಗ 73 ವರ್ಷದವರು. ವರ್ಮಾಂಟ್ ರಾಜ್ಯದ ಸೆನೆಟರ್. ಆ ಇಡೀ ರಾಜ್ಯದಲ್ಲಿ ನಮ್ಮ ಮೈಸೂರು ನಗರಕ್ಕಿಂತ ಕಡಿಮೆ ಜನ ಇದ್ದಾರೆ. ಅವರು ಪಕ್ಷದ ಸದಸ್ಯರೂ ಆಗಿರಲಿಲ್ಲ, ಪಕ್ಷೇತರರು. ತಮ್ಮನ್ನು ಡೆಮಾಕ್ರಟಿಕ್ ಸೋಷಲಿಸ್ಟ್ ಅಂತ ಕರೆದುಕೊಳ್ಳುತ್ತಿದ್ದರು. ಎದುರಿಗೆ ಹಿಲರಿ ಕ್ಲಿಂಟನ್. ಪಕ್ಷ, ದೊಡ್ಡ ದಾನಿಗಳು, ಹಳೇ ಸಂಬಂಧಗಳು ಎಲ್ಲ ಅವರ ಕಡೆಗೇ ಇದ್ದವು.

2015ರ ಏಪ್ರಿಲ್ 30ರಂದು ಸ್ಯಾಂಡರ್ಸ್ ಸಂಸತ್ ಭವನದ ಹೊರಗೆ ಹುಲ್ಲಿನ ಮೇಲೆ ನಿಂತು, ಕೆಲವೇ ನಿಮಿಷ ಮಾತಾಡಿ, ಸ್ಪರ್ಧೆಗೆ ಇಳಿಯುತ್ತಿರುವುದಾಗಿ ಹೇಳಿ ಒಳಗೆ ಹೋದರು. ಬ್ಯಾಂಡು ಬಜಂತ್ರಿ ಇರಲಿಲ್ಲ. ಮೊದಲ 24 ಗಂಟೆಯಲ್ಲಿ 15 ಲಕ್ಷ ಡಾಲರ್ ಬಂತು, ಸುಮಾರು 35,000 ಜನರಿಂದ. ಆ ಹೊತ್ತಿಗೆ ಸಮೀಕ್ಷೆಗಳಲ್ಲಿ ಅವರಿಗೆ ಒಂದಂಕಿಯ ಬೆಂಬಲ ಇತ್ತು. ಗೆಲ್ಲುವ ಕುದುರೆಯ ಬಾಲ ಹಿಡಿಯಲು ಯಾರೋ ಕೊಟ್ಟ ದುಡ್ಡು ಇದಾಗಿರಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಾದರೆ ಆ 35,000 ಜನ ಏನನ್ನು ಕೊಂಡರು?

ದುಡ್ಡು ಯಾವಾಗ ಬಂತು

ಯಾಕೆ ಕೊಟ್ಟಿರಿ ಅಂತ ಜನರನ್ನು ಕೇಳಿದರೆ ಒಳ್ಳೊಳ್ಳೆ ಮಾತು ಹೇಳುತ್ತಾರೆ. ಯಾವಾಗ ಕೊಟ್ಟರು ಅಂತ ನೋಡಿದರೆ ಇನ್ನೂ ಜಾಸ್ತಿ ತಿಳಿಯುತ್ತದೆ. ಈ ಪ್ರಚಾರದಲ್ಲಿ ಹಣ ಹೊಳೆ ಉಕ್ಕಿದಂತೆ ಬಂದ ಕೆಲವು ದಿನಗಳಿವೆ. ಒಂದೊಂದರ ಹಿಂದೆಯೂ ಒಂದೊಂದು ಕಾರಣ ಕಾಣುತ್ತದೆ.

2015ರ ಸೆಪ್ಟೆಂಬರ್ ಮಧ್ಯದಲ್ಲಿ ಕ್ಲಿಂಟನ್ ಪರವಾದ ಒಂದು ಸೂಪರ್ ಪ್ಯಾಕ್, ಸ್ಯಾಂಡರ್ಸ್ ಅವರನ್ನು ವೆನೆಜುವೆಲಾದ ಎಡಪಂಥೀಯ ಅಧ್ಯಕ್ಷರಾಗಿದ್ದ ಹ್ಯೂಗೋ ಚಾವೆಜ್ ಜೊತೆ ತಳುಕು ಹಾಕುವ ವಿವರಗಳನ್ನು ಪತ್ರಕರ್ತರಿಗೆ ಕಳಿಸಿತು. ಅದು ಹೊರಬಿತ್ತು. ಸ್ಯಾಂಡರ್ಸ್ ತಂಡ ಪ್ರತಿಭಟನೆ ಮಾಡುತ್ತಾ ಕೂರಲಿಲ್ಲ. ತಮ್ಮ ಬೆಂಬಲಿಗರಿಗೆ ಒಂದು ಇಮೇಲ್ ಬರೆಯಿತು: ನೋಡಿ, ದೊಡ್ಡ ದುಡ್ಡು ನಮ್ಮ ಮೇಲೆ ಬಿದ್ದಿದೆ, ಉತ್ತರ ನೀವೇ ಕೊಡಿ. ಎರಡು ದಿನದಲ್ಲಿ 12 ಲಕ್ಷ ಡಾಲರ್ ಬಂತು. ಇಲ್ಲಿ ಕೆಲಸ ಮಾಡಿದ್ದು ಸಿಟ್ಟು. ಟಿವಿ ಮುಂದೆ ಕೂತು ಹಲ್ಲು ಕಡಿಯುವವನಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಮೂರು ಡಾಲರ್ ಕೊಟ್ಟರೆ ಏನೋ ಮಾಡಿದ ಹಾಗಾಗುತ್ತದೆ.

2016ರ ಫೆಬ್ರುವರಿ 1, ಅಯೋವಾ. ಪಕ್ಷದ ಅಭ್ಯರ್ಥಿಯನ್ನು ಆರಿಸಲು ಒಂದೊಂದು ರಾಜ್ಯದಲ್ಲೂ ನಡೆಯುವ ಸ್ಪರ್ಧೆಗಳಲ್ಲಿ ಮೊದಲನೆಯದು. ಕ್ಲಿಂಟನ್ ಕೂದಲೆಳೆಯ ಅಂತರದಲ್ಲಿ ಗೆದ್ದರು, ಅರ್ಧ ಶೇಕಡಾ ಕೂಡ ವ್ಯತ್ಯಾಸ ಇರಲಿಲ್ಲ. ಸೋತ ಮರುದಿನ ಸ್ಯಾಂಡರ್ಸ್ ಖಾತೆಗೆ ಸುಮಾರು 30 ಲಕ್ಷ ಡಾಲರ್ ಬಂತು. ಸೋತವನಿಗೆ ಇಷ್ಟು ಯಾಕೆ? ಅಷ್ಟು ಹತ್ತಿರ ಬಂದಿದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ನಮ್ಮದೊಂದು ಚೂರು ಸೇರಿದರೆ ಆಗಿಬಿಡುತ್ತದೆ ಅನ್ನುವ ಆಸೆ ಹುಟ್ಟಿತ್ತು.

ಒಂದು ವಾರ ಕಳೆದು ಫೆಬ್ರುವರಿ 9, ನ್ಯೂ ಹ್ಯಾಂಪ್‌ಶೈರ್. ಈ ರಾತ್ರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಯಾಂಡರ್ಸ್ 60 ಶೇಕಡಾ ಮತ ಪಡೆದು ಗೆದ್ದರು, ಕ್ಲಿಂಟನ್‌ಗೆ 38. ಕಾಂಕರ್ಡ್ ಊರಿನ ಹೈಸ್ಕೂಲಿನಲ್ಲಿ ವಿಜಯದ ಭಾಷಣ. ಟಿವಿ ಚಾನೆಲ್‌ಗಳೆಲ್ಲ ನೇರ ಪ್ರಸಾರ ಮಾಡುತ್ತಿದ್ದವು. ಅವತ್ತಿನ ಮಟ್ಟಿಗೆ ಅವರ ಮಾತನ್ನು ದೇಶವೇ ಕೇಳುತ್ತಿತ್ತು. ಅಂಥ ಹೊತ್ತಲ್ಲಿ ನಾಯಕರು ಸಾಮಾನ್ಯವಾಗಿ ಥ್ಯಾಂಕ್ಸ್ ಹೇಳಿ, ಒಂದಿಷ್ಟು ಭರವಸೆ ಕೊಟ್ಟು ಇಳಿಯುತ್ತಾರೆ. ಇವರು ಬೇರೆ ಮಾಡಿದರು. ನಾನು ಇವತ್ತು ರಾತ್ರಿ ನ್ಯೂಯಾರ್ಕಿಗೆ ಹೋಗಿ ವಾಲ್ ಸ್ಟ್ರೀಟಿನಲ್ಲಿ ಚಂದಾ ಎತ್ತುವುದಿಲ್ಲ, ಇಲ್ಲೇ, ಈಗಲೇ, ಇಡೀ ಅಮೆರಿಕದಿಂದ ಎತ್ತುತ್ತೇನೆ ಅಂದರು. ವೆಬ್‌ಸೈಟ್ ವಿಳಾಸ ಹೇಳಿದರು. ಹತ್ತು, ಇಪ್ಪತ್ತು, ಐವತ್ತು, ನಿಮ್ಮ ಕೈಲಾದದ್ದು ಕೊಡಿ ಅಂದರು. ಹಣ ಕಟ್ಟುವ ಪುಟದ ಮೇಲೆ ಎಷ್ಟು ಜನ ಮುಗಿಬಿದ್ದರೆಂದರೆ ಅದು ತಡವರಿಸಲು ಶುರುವಾಯಿತು. 24 ಗಂಟೆಯಲ್ಲಿ 64 ಲಕ್ಷ ಡಾಲರ್ ಬಂತು.

ಆ ಭಾಷಣದಲ್ಲಿ ಇನ್ನೊಂದು ಸಂಗತಿ ಇದೆ. ಸರಾಸರಿ ದೇಣಿಗೆ ಎಷ್ಟು ಗೊತ್ತಾ ಅಂತ ಅವರು ಕೇಳಿದಾಗ ಜನರೇ 'ಟ್ವೆಂಟಿ ಸೆವೆನ್ ಡಾಲರ್ಸ್' ಅಂತ ಕೂಗಿದರು. ಲೆಕ್ಕಪತ್ರದ ಒಂದು ಅಂಕಿ ಘೋಷಣೆಯಾಗಿ ಹೋಗಿತ್ತು. ಊರೂರಿನ ಸಭೆಗಳಲ್ಲೂ ಹೀಗೇ. ಆಮೇಲೆ 27 ಅಂತಲೇ ಲೆಕ್ಕ ಹಿಡಿದು ಕೊಡುವವರು ಹುಟ್ಟಿಕೊಂಡರು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹತ್ತು ಡಾಲರ್ ಕೊಟ್ಟವನು ನನ್ನದೇನು ಮಹಾ ಅಂತ ಮುದುಡಿಕೊಳ್ಳಬೇಕಾಗಿರಲಿಲ್ಲ. ಎಲ್ಲರೂ ತನ್ನಂತೆಯೇ ಸಣ್ಣದಾಗಿ ಕೊಟ್ಟವರು ಅಂತ ಅವನಿಗೆ ಗೊತ್ತಿತ್ತು. ಚಂದಾ ಪಟ್ಟಿಯಲ್ಲಿ ಮೇಲಿನ ಹೆಸರು ಹತ್ತು ಸಾವಿರ ಅಂತ ಇದ್ದರೆ ಕೆಳಗೆ ನೂರು ರೂಪಾಯಿ ಬರೆಯಲು ಕೈ ಹಿಂಜರಿಯುತ್ತದೆ. ಇಲ್ಲಿ ಆ ಹಿಂಜರಿಕೆಯನ್ನೇ ತೆಗೆದು ಹಾಕಿದ್ದರು.

ಫೆಬ್ರುವರಿ ಒಂದೇ ತಿಂಗಳಲ್ಲಿ 4.35 ಕೋಟಿ ಡಾಲರ್ ಸೇರಿತು. ಕ್ಲಿಂಟನ್‌ಗೆ ಅದೇ ತಿಂಗಳು ಸುಮಾರು 3 ಕೋಟಿ. ಮಾರ್ಚ್ ಕೂಡ ಹಾಗೇ ಹೋಯಿತು. ಏಪ್ರಿಲ್ 19ರಂದು ನ್ಯೂಯಾರ್ಕಿನಲ್ಲಿ ಸ್ಯಾಂಡರ್ಸ್ ಸೋತರು. ದಾರಿ ಮುಚ್ಚಿತು ಅನ್ನುವುದು ಲೆಕ್ಕ ಬಲ್ಲ ಎಲ್ಲರಿಗೂ ಕಾಣತೊಡಗಿತು. ಏಪ್ರಿಲಿನ ಸಂಗ್ರಹ 2.6 ಕೋಟಿಯ ಆಸುಪಾಸಿಗೆ ಇಳಿಯಿತು, ಮೇ ತಿಂಗಳಲ್ಲಿ ಇನ್ನೂ ಇಳಿಯಿತು.

ಹಾಗಾಗಿ ಸಣ್ಣ ದಾನಿ ಫಲಿತಾಂಶದ ಬಗ್ಗೆ ತಲೆಯೇ ಕೆಡಿಸಿಕೊಳ್ಳುವುದಿಲ್ಲ ಅಂತ ಹೇಳಲಾಗದು. ಆಸೆ ಕುಂದಿದರೆ ಕೈಯೂ ಹಿಂದೆ ಸರಿಯುತ್ತದೆ. ಆದರೆ ಇಳಿದ ಮೇಲೂ ಒಂದು ತಿಂಗಳಿಗೆ ಕೋಟಿಗಟ್ಟಲೆ ಡಾಲರ್ ಬರುತ್ತಿತ್ತಲ್ಲ, ಅದನ್ನು ಆಸೆಯೊಂದರಿಂದಲೇ ವಿವರಿಸಲು ಆಗುವುದಿಲ್ಲ.

ಹಂಗಿನ ಪ್ರಶ್ನೆ

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ. ಜನ ಕೊಟ್ಟಿದ್ದು ಅಭ್ಯರ್ಥಿಯನ್ನು ಗೆಲ್ಲಿಸಲು ಮಾತ್ರ ಆಗಿರಲಿಲ್ಲ. ಆತ ಇನ್ನೊಬ್ಬರ ಹಂಗಿಗೆ ಬೀಳದಿರಲಿ ಅಂತ ಕೊಟ್ಟರು. ಉಣ್ಣಿಸಿದವನ ಮಾತು ಕೇಳಲೇಬೇಕಾಗುತ್ತದೆ ಅನ್ನುವುದು ಅವರಿಗೂ ಗೊತ್ತು, ನಮಗೂ ಗೊತ್ತು. ಆ ಉಣ್ಣಿಸುವವರು ನಾವೇ ಆಗೋಣ ಅಂತ ಅವರು ಹೊರಟರು.

ಸ್ಯಾಂಡರ್ಸ್ ಪ್ರಚಾರ ಇದನ್ನು ಮತ್ತೆ ಮತ್ತೆ ಎದುರಿಗೆ ಇಟ್ಟು ತೋರಿಸಿತು. ಕ್ಲಿಂಟನ್ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿ ಮಾಡಿದ ಮೂರು ಭಾಷಣಗಳಿಗೆ ಒಟ್ಟು 6,75,000 ಡಾಲರ್ ಸಂಭಾವನೆ ಪಡೆದಿದ್ದರು. ಅದನ್ನು ಸ್ಯಾಂಡರ್ಸ್ ಪ್ರತಿ ಊರಿನಲ್ಲೂ ಹೇಳಿದರು. 2015ರಲ್ಲಿ ಮಾರ್ಟಿನ್ ಶ್ಕ್ರೆಲಿ ಎಂಬ ಔಷಧ ಕಂಪನಿಯ ಮುಖ್ಯಸ್ಥ ಸ್ಯಾಂಡರ್ಸ್ ಖಾತೆಗೆ 2,700 ಡಾಲರ್ ಹಾಕಿದರು. ಒಂದು ಮಾತ್ರೆಯ ಬೆಲೆಯನ್ನು 13.50 ಡಾಲರಿನಿಂದ 750ಕ್ಕೆ ಏರಿಸಿ ದೇಶದ ಬೈಗುಳ ತಿಂದಿದ್ದ ವ್ಯಕ್ತಿ ಇವರು. ಪ್ರಚಾರ ತಂಡ ಆ ಹಣವನ್ನು ಇಟ್ಟುಕೊಳ್ಳಲಿಲ್ಲ. ವಾಷಿಂಗ್ಟನ್ನಿನ ಒಂದು ಆರೋಗ್ಯ ಕೇಂದ್ರಕ್ಕೆ ದಾಟಿಸಿತು. ಯಾರ ದುಡ್ಡು ಬೇಡ ಅಂತ ಹೇಳುವುದು ಸಣ್ಣ ದಾನಿಗಳಿಗೆ, ನಿಮ್ಮ ದುಡ್ಡು ಬೇಕು ಅಂತ ಹೇಳುವಷ್ಟೇ ಗಟ್ಟಿಯಾಗಿ ಕೇಳಿಸಿತು.

ಇದರ ಅತ್ಯಂತ ಸ್ಪಷ್ಟ ಚಿತ್ರ ಸಿಕ್ಕಿದ್ದು 2016ರ ಏಪ್ರಿಲ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನಟ ಜಾರ್ಜ್ ಕ್ಲೂನಿ ಮತ್ತು ಅವರ ಪತ್ನಿ ಕ್ಲಿಂಟನ್ ಪರವಾಗಿ ಎರಡು ಚಂದಾ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡರು. ಸ್ಯಾನ್ ಫ್ರಾನ್ಸಿಸ್ಕೋದ ಊಟದಲ್ಲಿ ಮುಖ್ಯ ಮೇಜಿನಲ್ಲಿ ಜೋಡಿಯಾಗಿ ಕೂರಬೇಕೆಂದರೆ 3,53,400 ಡಾಲರ್. ಮರುದಿನ ಲಾಸ್ ಏಂಜಲೀಸ್‌ನಲ್ಲಿ ಕ್ಲೂನಿ ಅವರ ಮನೆಯಲ್ಲೇ ಇನ್ನೊಂದು ಕಾರ್ಯಕ್ರಮ. ಪಕ್ಕದ ಮನೆಯವರು ಅದೇ ದಿನ ಸ್ಯಾಂಡರ್ಸ್ ಪರವಾಗಿ 27 ಡಾಲರಿನ ಪಾರ್ಟಿ ಇಟ್ಟರು. ಕ್ಲಿಂಟನ್ ಅವರ ಕಾರುಗಳ ಸಾಲು ಬರುವಾಗ ಸ್ಯಾಂಡರ್ಸ್ ಬೆಂಬಲಿಗರು ಒಂದೊಂದು ಡಾಲರಿನ ನೋಟುಗಳನ್ನು ರಸ್ತೆಗೆ ತೂರಿದರು. ಇದು ಅಶ್ಲೀಲ ಅನ್ನಿಸುವಷ್ಟು ದೊಡ್ಡ ಮೊತ್ತ ಅಂತ ಕ್ಲೂನಿ ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ನಾನು ಮರ್ಯಾದೆ ಕೊಡುತ್ತೇನೆ. ಆ ಒಂದು ಜೋಡಿಯ ಊಟದ ದುಡ್ಡನ್ನು 27ರಂತೆ ಹಂಚಿದರೆ 13,000 ದಾನಿಗಳಾಗುತ್ತಾರೆ. 13,000 ಜನರಲ್ಲಿ ಯಾರೊಬ್ಬರೂ ಅಧ್ಯಕ್ಷರಿಗೆ ಫೋನ್ ಮಾಡಿ ನನ್ನ ಕೆಲಸ ಏನಾಯಿತು ಅಂತ ಕೇಳಲಾರರು. ಆ ಮೇಜಿನಲ್ಲಿ ಕೂತ ಇಬ್ಬರು ಕೇಳಬಲ್ಲರು.

ಕನ್ನಡದ ಓದುಗರಿಗೆ ಈ ವಿಚಾರ ಹೊಸದಾಗಿ ಕಾಣಬಾರದು. 1952ರ ಮೊದಲ ಚುನಾವಣೆಯಲ್ಲಿ, ಕಾಗೋಡು ಸತ್ಯಾಗ್ರಹದ ಬೆನ್ನಿಗೇ, ಶಾಂತವೇರಿ ಗೋಪಾಲಗೌಡರು ಸಾಗರದ ಸೀಮೆಯಲ್ಲಿ 'ಒಂದು ವೋಟು, ಒಂದು ನೋಟು' ಅಂತ ಕೇಳಿದ್ದರು. ಭೂಮಾಲೀಕರ ಎದುರು ನಿಂತ ಗೇಣಿದಾರರು ಜೇಬಿಂದ ಕೊಟ್ಟು ಗೆಲ್ಲಿಸಿದರು. ಆಮೇಲೆ ರೈತ ಸಂಘದವರು ಇದೇ ಮಾತನ್ನು ಮಂಡ್ಯದ ಕಡೆಗೂ ಒಯ್ದರು. ಗೋಪಾಲಗೌಡರೂ ಸಮಾಜವಾದಿಯೇ, ಸ್ಯಾಂಡರ್ಸ್ ಕೂಡ ಹಾಗೇ ಹೇಳಿಕೊಳ್ಳುವವರು. ದುಡ್ಡಿಲ್ಲದ ರಾಜಕೀಯಕ್ಕೆ ಈ ದಾರಿ ಬೇಗ ಹೊಳೆಯುತ್ತದೆ ಅಂತ ಕಾಣುತ್ತದೆ. ನೋಟು ಕೊಟ್ಟವನು ವೋಟನ್ನು ಮಾರಿಕೊಳ್ಳುವುದು ಕಷ್ಟ. ಪ್ರಚಾರದ ದೃಷ್ಟಿಯಿಂದಲೂ ಇದು ಸಣ್ಣ ಲಾಭ ಅಲ್ಲ. ಒಂದು ಸಲ ಜೇಬಿಗೆ ಕೈ ಹಾಕಿದವನು ಆಮೇಲೆ ಅಕ್ಕಪಕ್ಕದವರನ್ನೂ ಎಳೆದು ತರುತ್ತಾನೆ.

ಸುಲಭ ಮಾಡಿದ ಯಂತ್ರ

ಕಾರಣ ಎಷ್ಟೇ ದೊಡ್ಡದಿರಲಿ, ಕೊಡುವುದು ಕಷ್ಟವಾದರೆ ಜನ ಕೊಡುವುದಿಲ್ಲ. ಇಲ್ಲಿ ಆಕ್ಟ್‌ಬ್ಲೂ ಎಂಬ ಸಂಸ್ಥೆಯ ಪಾತ್ರ ಬರುತ್ತದೆ. 2004ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಇದು ಡೆಮಾಕ್ರಟಿಕ್ ಕಡೆಯ ಅಭ್ಯರ್ಥಿಗಳಿಗೆ ಹಣ ದಾಟಿಸುವ ಸೇತುವೆ. ನೂರಕ್ಕೆ 3.95ರಂತೆ ಶುಲ್ಕ ಹಿಡಿದುಕೊಳ್ಳುತ್ತದೆ. ಒಂದು ಸಲ ಕಾರ್ಡಿನ ವಿವರ ಉಳಿಸಿಟ್ಟರೆ ಸಾಕು. ಮುಂದಿನ ಇಮೇಲಿನಲ್ಲಿ ಮೊತ್ತದ ಮೇಲೆ ಒತ್ತಿದರೆ ಮುಗಿಯಿತು, ಬಸ್ ಸ್ಟಾಪಿನಲ್ಲಿ ನಿಂತೇ ಕೊಡಬಹುದು. ಸಿಟ್ಟು ಬಂದ ಗಳಿಗೆ ಮತ್ತು ಹಣ ಹೋಗುವ ಗಳಿಗೆ ಎರಡರ ನಡುವೆ ಅರ್ಧ ನಿಮಿಷ ಕೂಡ ಇರುವುದಿಲ್ಲ. ಹಳೇ ಕಾಲದಲ್ಲಿ ಚೆಕ್ ಬರೆದು, ಅಂಚೆ ಚೀಟಿ ಅಂಟಿಸುವಷ್ಟರಲ್ಲಿ ಆ ಬಿಸಿ ಆರಿಹೋಗುತ್ತಿತ್ತು.

ಆ ಫಾರಂನಲ್ಲಿ ಹೆಸರು, ವಿಳಾಸ, ಉದ್ಯೋಗ, ಎಲ್ಲಿ ಕೆಲಸ ಅನ್ನುವುದನ್ನೂ ಕೇಳುತ್ತಾರೆ. ಕಾನೂನು ಹಾಗಿದೆ. ನೇರವಾಗಿ ಅಭ್ಯರ್ಥಿಗೆ ಕೊಟ್ಟರೆ ಒಟ್ಟು 200 ಡಾಲರ್ ದಾಟಿದ ಮೇಲೆ ಮಾತ್ರ ಹೆಸರು ಬಹಿರಂಗವಾಗಬೇಕು. ಆದರೆ ಆಕ್ಟ್‌ಬ್ಲೂ ಮಧ್ಯವರ್ತಿ ಆದ್ದರಿಂದ ಐದು ಡಾಲರ್ ಕೊಟ್ಟವರ ಹೆಸರನ್ನೂ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಯಾರು ಬೇಕಾದರೂ ಹುಡುಕಿ ನೋಡಬಹುದು. ಹಾಗೆ ನೋಡಿದರೆ ಸ್ಯಾಂಡರ್ಸ್ ದಾನಿಗಳಲ್ಲಿ ಬಹಳ ಜನರ ಉದ್ಯೋಗದ ಮುಂದೆ 'ಉದ್ಯೋಗದಲ್ಲಿಲ್ಲ' ಅಂತ ಇದೆ. ನಿವೃತ್ತರು, ವಿದ್ಯಾರ್ಥಿಗಳು, ಮನೆ ನೋಡಿಕೊಳ್ಳುವವರು, ಕೆಲಸ ಕಳೆದುಕೊಂಡವರು, ಎಲ್ಲರೂ ಆ ಒಂದೇ ಸಾಲಿನ ಒಳಗಿದ್ದಾರೆ.

ಅಮೆರಿಕದಲ್ಲಿರುವ ನಮ್ಮವರ ವಿಷಯವನ್ನೂ ಇಲ್ಲಿ ಹೇಳಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಒಂದು ಡಾಲರ್ ಕೂಡ ಕೊಡುವಂತಿಲ್ಲ, ತೆರಿಗೆ ಎಷ್ಟೇ ಕಟ್ಟುತ್ತಿರಲಿ. ಗ್ರೀನ್ ಕಾರ್ಡ್ ಕೈಗೆ ಬಂದರೆ ಕೊಡಬಹುದು. ಅವರಿಗೆ ಆಗಲೂ ಮತದ ಹಕ್ಕು ಇರುವುದಿಲ್ಲ. ಅಂದರೆ ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ಎಷ್ಟೋ ಕನ್ನಡಿಗರಿಗೆ ಅಲ್ಲಿನ ರಾಜಕೀಯದಲ್ಲಿ ಕೈಯಾಡಿಸಲು ಸಿಗುವ ಮೊದಲ ದಾರಿ ದೇಣಿಗೆ. ಮತ ಆಮೇಲೆ, ಪೌರತ್ವ ಬಂದಾಗ. ವಿದೇಶಿ ಹಣದ ವಿಷಯದಲ್ಲಿ ಅಲ್ಲಿ ಸುಮ್ನೆ ಬಿಡುವುದಿಲ್ಲ. ಆಸ್ಟ್ರೇಲಿಯಾದ ಲೇಬರ್ ಪಕ್ಷ ತನ್ನ ಕಾರ್ಯಕರ್ತರನ್ನು ವಿಮಾನ ಖರ್ಚು ಕೊಟ್ಟು ಸ್ಯಾಂಡರ್ಸ್ ಪ್ರಚಾರಕ್ಕೆ ಕಳಿಸಿತ್ತು. ಅದಕ್ಕಾಗಿ ಪ್ರಚಾರ ತಂಡ 2018ರಲ್ಲಿ 14,500 ಡಾಲರ್ ದಂಡ ಕಟ್ಟಬೇಕಾಯಿತು.

ಭಾರತದಲ್ಲಿ ಪರಿಸ್ಥಿತಿ ಉಲ್ಟಾ. ಹಳೇ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ, ಪಕ್ಷಕ್ಕೆ ಕೊಟ್ಟ ಹಣಕ್ಕೆ ವಿನಾಯಿತಿ ಇದೆ. ಅಮೆರಿಕದಲ್ಲಿ ಅಂಥ ವಿನಾಯಿತಿ ಇಲ್ಲ. ಆದರೆ ಇಲ್ಲಿ 20,000 ರೂಪಾಯಿ ತನಕ ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ಹೇಳಬೇಕಿಲ್ಲ. ಹಾಗಾಗಿ ಸಣ್ಣ ದೇಣಿಗೆ ಅಂತ ಲೆಕ್ಕದಲ್ಲಿ ತೋರಿಸಿದ್ದು ನಿಜಕ್ಕೂ ಸಣ್ಣವರದ್ದಾ ಅಂತ ಯಾರೂ ಪರೀಕ್ಷಿಸಲಾರರು. ದೊಡ್ಡವರ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದು ಮಾಡಿತು. ಅದು ಒಳ್ಳೆಯದಾಯಿತು. ಆದರೆ ಸಾಮಾನ್ಯ ಮತದಾರ ಧೈರ್ಯವಾಗಿ, ಸುಲಭವಾಗಿ, ಹೆಸರು ಹೇಳಿ ನೂರು ರೂಪಾಯಿ ಕೊಡುವ ವ್ಯವಸ್ಥೆ ಇಲ್ಲಿ ಬೆಳೆಯಲಿಲ್ಲ ಅನ್ನುವುದು ನನಗೆ ನೋವಿನ ವಿಷಯ. ಫೋನಿನಲ್ಲೇ ಹತ್ತು ರೂಪಾಯಿ ಕಳಿಸುವ ಸೌಲಭ್ಯ ಇಡೀ ದೇಶಕ್ಕೆ ಬಂದಿರುವಾಗ ಇದು ಆಗದೇ ಇರಲು ತಾಂತ್ರಿಕ ಕಾರಣ ಒಂದೂ ಇಲ್ಲ.

ಇದರ ಇನ್ನೊಂದು ಮುಖ

27 ಡಾಲರ್ ಅನ್ನುವುದು ಒಂದು ದೇಣಿಗೆಯ ಸರಾಸರಿ, ಒಬ್ಬ ದಾನಿಯದ್ದಲ್ಲ. 25 ಲಕ್ಷ ಜನ 80 ಲಕ್ಷ ಸಲ ಕೊಟ್ಟರು ಅಂದರೆ ಒಬ್ಬೊಬ್ಬರು ಮೂರಕ್ಕಿಂತ ಜಾಸ್ತಿ ಸಲ ಕೊಟ್ಟಿದ್ದಾರೆ. ತಲೆಗೆ 90 ಡಾಲರ್ ಆಸುಪಾಸು. ತಿಂಗಳು ತಿಂಗಳು ಕೊಡುತ್ತಾ ಹೋಗಿ ಸಾವಿರ ದಾಟಿಸಿದವರೂ ಆ ಲೆಕ್ಕದಲ್ಲಿದ್ದಾರೆ. ಕೆಲವರು 2,700ರ ಮಿತಿಯನ್ನೂ ಮೀರಿದ್ದರು. ಅಮೆರಿಕದ ಚುನಾವಣಾ ಆಯೋಗ 2016ರ ಫೆಬ್ರುವರಿಯಲ್ಲಿ ಪ್ರಚಾರ ತಂಡಕ್ಕೆ ಪತ್ರ ಬರೆದು ಅದನ್ನು ಸರಿಪಡಿಸಲು ಹೇಳಿತು. ಒಟ್ಟಾರೆ ನೋಡಿದರೂ, ಅಮೆರಿಕದಲ್ಲಿ ರಾಜಕೀಯಕ್ಕೆ ಕೊಡುವವರು ಸಾಮಾನ್ಯ ಮತದಾರರಿಗಿಂತ ವಯಸ್ಸಿನಲ್ಲೂ ಆದಾಯದಲ್ಲೂ ಮೇಲಿರುತ್ತಾರೆ. ಸಣ್ಣ ದಾನಿ ಅಂದರೆ ಬಡವ ಅಂತ ಅಂದುಕೊಳ್ಳುವುದು ತಪ್ಪಾಗುತ್ತದೆ.

ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಸ್ಟೀಫನ್ ಆನ್ಸೊಲಬೆಹೆರೆ ಮತ್ತು ಅವರ ಜೊತೆಗಾರರು 2003ರಲ್ಲಿ ಒಂದು ಪ್ರಬಂಧ ಬರೆದರು. ಸರ್ಕಾರದ ತೀರ್ಮಾನಗಳ ಬೆಲೆಗೆ ಹೋಲಿಸಿದರೆ ರಾಜಕೀಯಕ್ಕೆ ಬರುವ ಹಣ ಇಷ್ಟು ಕಡಿಮೆ ಯಾಕೆ ಅಂತ ಅವರು ಕೇಳಿದರು. ಅವರು ಕಂಡುಕೊಂಡ ಉತ್ತರ ಏನೆಂದರೆ, ಹೆಚ್ಚಿನ ಹಣ ಬರುವುದು ವ್ಯಕ್ತಿಗಳಿಂದ, ಸಣ್ಣ ಸಣ್ಣ ಮೊತ್ತದಲ್ಲಿ. ಅವರು ಅದನ್ನು ಹೂಡಿಕೆ ಅಂತ ಮಾಡುವುದಿಲ್ಲ. ಭಾಗವಹಿಸುವ ಖುಷಿಗೆ ಮಾಡುತ್ತಾರೆ. ಸ್ಯಾಂಡರ್ಸ್ ಪ್ರಕರಣಕ್ಕೆ ಈ ಮಾತು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಖುಷಿ ಅನ್ನುವ ಪದ ಸಾಲದು ಅಂತ ನನಗೆ ಅನ್ನಿಸುತ್ತದೆ. ನಾಲ್ಕು ಗಂಟೆಯ ಕೂಲಿಯನ್ನು ಬರೀ ಖುಷಿಗೆ ಯಾರೂ ಬಿಟ್ಟುಕೊಡುವುದಿಲ್ಲ. ಅದರಲ್ಲಿ ಸ್ವಾಭಿಮಾನ ಇದೆ, ಈ ವ್ಯವಸ್ಥೆಯಲ್ಲಿ ನಾನೂ ಲೆಕ್ಕಕ್ಕಿದ್ದೇನೆ ಅಂತ ಹೇಳುವ ಹಟ ಇದೆ.

ಸಿಟ್ಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಿಟ್ಟಿಗೆ ಪಕ್ಷ ಇಲ್ಲ. 2009ರ ಸೆಪ್ಟೆಂಬರ್ 9ರಂದು ಒಬಾಮಾ ಸಂಸತ್ತಿನಲ್ಲಿ ಮಾತಾಡುತ್ತಿದ್ದಾಗ ರಿಪಬ್ಲಿಕನ್ ಸದಸ್ಯ ಜೋ ವಿಲ್ಸನ್ 'ನೀನು ಸುಳ್ಳು ಹೇಳುತ್ತಿದ್ದೀಯ' ಅಂತ ಕೂಗಿದರು. ಕೆಲವೇ ದಿನಗಳಲ್ಲಿ ಅವರಿಗೆ 10 ಲಕ್ಷ ಡಾಲರಿಗೂ ಜಾಸ್ತಿ ಬಂತು. ಅವರ ಎದುರಾಳಿಗೂ ಅಷ್ಟೇ ಬಂತು. ಕೂಗಾಡಿದರೆ ದುಡ್ಡು ಬರುತ್ತದೆ ಅಂತ ರಾಜಕಾರಣಿಗಳು ಕಲಿತರೆ ಸಂಸತ್ತು ಏನಾಗುತ್ತದೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ರಿಚರ್ಡ್ ಪಿಲ್ಡಿಸ್ ಇದನ್ನು ಒತ್ತಿ ಹೇಳುತ್ತಾ ಬಂದಿದ್ದಾರೆ: ಸಣ್ಣ ದೇಣಿಗೆ ಹರಿಯುವುದು ಎರಡೂ ತುದಿಯಲ್ಲಿರುವವರ ಕಡೆಗೆ, ನಡುವೆ ನಿಂತು ಕೆಲಸ ಮಾಡುವವರ ಕಡೆಗಲ್ಲ. ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. 2020ರಲ್ಲಿ ಕೆಂಟಕಿಯಲ್ಲಿ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ವಿರುದ್ಧ ನಿಂತ ಏಮಿ ಮೆಕ್‌ಗ್ರಾ 9 ಕೋಟಿ ಡಾಲರಿಗೂ ಜಾಸ್ತಿ ಸಂಗ್ರಹಿಸಿದರು. ಹೆಚ್ಚಿನದು ಬೇರೆ ರಾಜ್ಯಗಳ ಜನ ಮೆಕಾನಲ್ ಮೇಲಿನ ಕೋಪಕ್ಕೆ ಕೊಟ್ಟದ್ದು. ಆದರೂ ಮೆಕ್‌ಗ್ರಾ ಸುಮಾರು 20 ಶೇಕಡಾ ಅಂತರದಲ್ಲಿ ಸೋತರು.

ಮೋಸವೂ ಇದೆ. ಸಣ್ಣ ದಾನಿಯ ಅವಸರವನ್ನು, ವಯಸ್ಸಾದವರ ನಂಬಿಕೆಯನ್ನು ದುರುಪಯೋಗ ಮಾಡಿಕೊಳ್ಳುವುದು ಕಷ್ಟವೇನಲ್ಲ. 2020ರ ಟ್ರಂಪ್ ಪ್ರಚಾರದ ದೇಣಿಗೆ ಪುಟದಲ್ಲಿ 'ಪ್ರತಿ ವಾರ ಇದೇ ಮೊತ್ತ ಕಡಿತ ಮಾಡಿ' ಅನ್ನುವ ಚೌಕಕ್ಕೆ ಮೊದಲೇ ಟಿಕ್ ಹಾಕಿ ಇಡಲಾಗಿತ್ತು. ಒಮ್ಮೆ ಕೊಡಲು ಬಂದವರ ಖಾತೆಯಿಂದ ಮತ್ತೆ ಮತ್ತೆ ಹಣ ಹೋಯಿತು. ಕೊನೆಗೆ 12 ಕೋಟಿ ಡಾಲರಿಗೂ ಜಾಸ್ತಿ ವಾಪಸ್ ಕೊಡಬೇಕಾಯಿತು. ನಂಬಿ ಕೊಟ್ಟವರಿಗೆ ಹೀಗೆ ಮಾಡುವುದು ಜೇಬುಗಳ್ಳತನಕ್ಕಿಂತ ಕೆಟ್ಟದ್ದು. ಯಾಕೆಂದರೆ ಇದರಿಂದ ಮುಂದೆ ಯಾರಿಗೂ ಕೊಡಬಾರದು ಅಂತ ಅವರು ತೀರ್ಮಾನಿಸಿಬಿಡುತ್ತಾರೆ.

ಸೋತ ಮೇಲೆ

2016ರ ಜುಲೈ 12ರಂದು ಸ್ಯಾಂಡರ್ಸ್ ಕ್ಲಿಂಟನ್‌ಗೆ ಬೆಂಬಲ ಘೋಷಿಸಿದರು. ಪಕ್ಷದ ಒಳಗಿನ ಸ್ಪರ್ಧೆಯಲ್ಲಿ ಅವರಿಗೆ 1.3 ಕೋಟಿ ಮತ ಬಂದಿತ್ತು, 22 ರಾಜ್ಯ ಗೆದ್ದಿದ್ದರು. ಸೂಪರ್ ಪ್ಯಾಕ್‌ನ 10 ಕೋಟಿ ಬೆನ್ನಿಗಿದ್ದ ಜೆಬ್ ಬುಷ್ ಫೆಬ್ರುವರಿ 20ಕ್ಕೇ ಮನೆಗೆ ಹೋಗಿದ್ದರು.

ಪಕ್ಷದ ಮೇಲೆ ಇದರ ಪರಿಣಾಮ ಕಾಣಲು ಮೂರು ವರ್ಷ ಸಾಕಾಯಿತು. 2019ರ ಮೊದಲ ಟಿವಿ ಚರ್ಚೆಗಳಿಗೆ ಅರ್ಹತೆ ಪಡೆಯಲು ಡೆಮಾಕ್ರಟಿಕ್ ಪಕ್ಷ ಎರಡು ದಾರಿ ಇಟ್ಟಿತು. ಒಂದು ಸಮೀಕ್ಷೆಗಳು. ಇನ್ನೊಂದು 65,000 ಬೇರೆ ಬೇರೆ ದಾನಿಗಳು. ಎಷ್ಟು ಹಣ ಅನ್ನುವುದು ಮುಖ್ಯ ಆಗಿರಲಿಲ್ಲ, ಎಷ್ಟು ತಲೆ ಅನ್ನುವುದು ಮುಖ್ಯವಾಯಿತು. ಆಗ ಅಭ್ಯರ್ಥಿಗಳು ದಯವಿಟ್ಟು ಒಂದೇ ಒಂದು ಡಾಲರ್ ಕೊಡಿ ಅಂತ ಕೇಳಲು ಶುರು ಮಾಡಿದರು. ಸಣ್ಣ ದಾನಿಗಾಗಿ ದೊಡ್ಡವರು ಸಾಲು ನಿಂತರು.

ಸ್ಯಾಂಡರ್ಸ್ 2019ರ ಫೆಬ್ರುವರಿ 19ರಂದು ಮತ್ತೆ ಸ್ಪರ್ಧೆಗೆ ಇಳಿದಾಗ ಮೊದಲ 24 ಗಂಟೆಯಲ್ಲಿ 59 ಲಕ್ಷ ಡಾಲರ್ ಬಂತು, ಸುಮಾರು 2.23 ಲಕ್ಷ ಜನರಿಂದ. ಹಿಂದಿನ ಸಲ ಇದೇ ಮೊದಲ ದಿನ ಕೊಟ್ಟವರು 35,000. ಒಮ್ಮೆ ಸೋತ ಮನುಷ್ಯನಿಗೆ ಆರು ಪಟ್ಟಿಗಿಂತ ಜಾಸ್ತಿ ಜನ ಕೊಟ್ಟರು. ಗೆಲುವನ್ನಷ್ಟೇ ಕೊಳ್ಳಲು ಬಂದ ಗಿರಾಕಿಗಳಾಗಿದ್ದರೆ ಇವರು ವಾಪಸ್ ಬರುತ್ತಿರಲಿಲ್ಲ. ಈ ಸಲದ ದಾನಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡ ಉದ್ಯೋಗ ಟೀಚರ್. ಎಲ್ಲಿ ಕೆಲಸ ಅನ್ನುವ ಜಾಗದಲ್ಲಿ ಅಮೆಜಾನ್, ವಾಲ್‌ಮಾರ್ಟ್, ಸ್ಟಾರ್‌ಬಕ್ಸ್ ಹೆಸರು ಮುಂದೆ ಇದ್ದವು. ಅಲ್ಲಿನ ಮಾಲೀಕರು ಕೊಟ್ಟದ್ದಲ್ಲ, ಅಲ್ಲಿ ದುಡಿಯುವವರು ಕೊಟ್ಟದ್ದು.

2020ರ ಮಾರ್ಚ್ ಹೊತ್ತಿಗೆ ಜೋ ಬೈಡನ್ ಮುಂದೆ ಹೋಗಿದ್ದರು. ಸ್ಯಾಂಡರ್ಸ್ ಸೋಲು ಖಚಿತವಾಗಿತ್ತು, ಕೊರೊನಾ ಬಂದಿತ್ತು. ಆಗ ಪ್ರಚಾರ ತಂಡ ಅದೇ ದಾನಿಗಳಿಗೆ ಬರೆದು, ನಮಗೆ ಬೇಡ, ಕಷ್ಟದಲ್ಲಿರುವವರಿಗೆ ಊಟ ಮತ್ತು ನೆರವು ಕೊಡುವ ಸಂಸ್ಥೆಗಳಿಗೆ ಕೊಡಿ ಅಂತ ಕೇಳಿತು. ಎರಡು ದಿನದಲ್ಲಿ 20 ಲಕ್ಷ ಡಾಲರ್ ಸೇರಿತು. ಕೊಟ್ಟವರು 50,000ಕ್ಕೂ ಜಾಸ್ತಿ ಸಲ ಕೊಟ್ಟಿದ್ದರು. ಏಪ್ರಿಲ್ 8ರಂದು ಸ್ಯಾಂಡರ್ಸ್ ಸ್ಪರ್ಧೆಯಿಂದ ಹಿಂದೆ ಸರಿದರು.